ಥರ್ಮಾಮೀಟರ್ ತೋರಿಸಿದ್ದು ಒಂದೂವರೆ, ಬರೆದದ್ದು ಆರು

ಫೆಬ್ರುವರಿ 28 ಬಂತೆಂದರೆ ನಮ್ಮಂಥ ತಾಲ್ಲೂಕು ವರದಿಗಾರರಿಗೆ ಒಂದು ಫೋಟೊ, ಐದು ಸಾಲಿನ ಸುದ್ದಿ ಗ್ಯಾರಂಟಿ. ರಾಷ್ಟ್ರೀಯ ವಿಜ್ಞಾನ ದಿನ. ಸಿ.ವಿ. ರಾಮನ್ ಫೋಟೊಗೆ ಹಾರ, ಅಡುಗೆ ಸೋಡಾದಲ್ಲಿ ಉಕ್ಕುವ ಜ್ವಾಲಾಮುಖಿ, ಅತಿಥಿಗಳ ಭಾಷಣ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಾವು ಹೋದದ್ದೂ ಅದಕ್ಕೇ. ಹತ್ತು ನಿಮಿಷದಲ್ಲಿ ಮುಗಿಸಿ ಹೊರಡುವ ಲೆಕ್ಕ ಹಾಕಿಕೊಂಡಿದ್ದೆವು.

ಹೊರಡುವ ಹೊತ್ತಿಗೆ ವಿಜ್ಞಾನದ ಮೇಡಂ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪ್ರಯೋಗ ತೋರಿಸುತ್ತಿದ್ದರು. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಸುರಿದರು. ಎರಡೂ ನೀರಿನ ಹಾಗೆ ತಿಳಿಯಾಗಿದ್ದವು. ಸೇರಿದ ತಕ್ಷಣ ಹಾಲು ಒಡೆದ ಹಾಗೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಬಿಳಿ ಪುಡಿ ತಳಕ್ಕೆ ಕೂರತೊಡಗಿತು. ಪುಸ್ತಕದಲ್ಲಿ ಇದಕ್ಕೆ ಪ್ರಕ್ಷೇಪ ಅಂತಾರೆ. ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಇದೆ.

ಮುಂದಿನ ಸಾಲಿನ ಹುಡುಗನೊಬ್ಬ ಪ್ರನಾಳ ಮುಟ್ಟಿ ನೋಡಿ ಕೇಳಿದ: 'ಮಿಸ್, ಇದು ಬಿಸಿ ಆಗ್ಲೇ ಇಲ್ವಲ್ಲ?'

ಅವನ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಅದೇ ಪಾಠದಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕುವ ಚಟುವಟಿಕೆಯೂ ಇದೆ. ಆ ಬೀಕರ್ ಮುಟ್ಟಿದರೆ ಕೈ ಸುಡುತ್ತದೆ. ನಮ್ಮ ಊರುಗಳಲ್ಲಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುತ್ತಿದ್ದ ಕಾಲದಲ್ಲಿ ಬಾನಿಯಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುವುದನ್ನು ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಾಠದಲ್ಲಿ ಶಾಖ ಬಿಡುವ ಕ್ರಿಯೆ ಒಂದು ಪುಟದಲ್ಲಿದೆ, ಪ್ರಕ್ಷೇಪ ಇನ್ನೊಂದು ಪುಟದಲ್ಲಿದೆ. ಎರಡನ್ನೂ ಜೋಡಿಸಿ ಕೇಳಿದವನು ಈ ಹುಡುಗ.

ಮೇಡಂ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, 'ಗೊತ್ತಿಲ್ಲ ಕಣೋ, ಅಳೆದು ನೋಡೋಣ. ಶನಿವಾರ ಮಾಡೋಣ' ಅಂದರು. ಮಕ್ಕಳ ಮುಂದೆ ಹೀಗೆ 'ಗೊತ್ತಿಲ್ಲ' ಅಂದ ಮೇಷ್ಟ್ರನ್ನು ನಾವು ಹೆಚ್ಚು ಕಂಡಿಲ್ಲ. ಶನಿವಾರ ನಾವೂ ಹೋದೆವು.

ಆವತ್ತು ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ತಕರಾರು ಇರುವುದೇ ಅದರಲ್ಲಿ.

ಮೇಡಂ ಮೊದಲೇ ಎರಡೂ ದ್ರಾವಣ ಮಾಡಿಟ್ಟಿದ್ದರು. ಲೀಟರಿಗೆ ಅರ್ಧ ಮೋಲ್ ಅಳತೆಯವು. ಮೋಲ್ ಅಂದರೆ ಗಾಬರಿ ಬೇಡ, ಮೊಟ್ಟೆಯನ್ನು ಡಜನ್ನಿನಲ್ಲಿ ಎಣಿಸುವ ಹಾಗೆ ಕಣಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ. ಒಂದೊಂದು ಗುಂಪಿಗೆ 50 ಮಿಲಿಲೀಟರ್ ಬೇರಿಯಂ ಕ್ಲೋರೈಡ್, ಅಷ್ಟೇ ಸೋಡಿಯಂ ಸಲ್ಫೇಟ್. ಆರು ಗುಂಪು. ಬೇರಿಯಂ ಕ್ಲೋರೈಡನ್ನು ಮಾತ್ರ ಮಕ್ಕಳ ಕೈಗೆ ಕೊಡದೆ, ಗ್ಲೌಸ್ ಹಾಕಿಕೊಂಡು ತಾವೇ ಸುರಿದರು. ಕೆಲವೇ ಗ್ರಾಂ ಹೊಟ್ಟೆಗೆ ಹೋದರೆ ಜೀವಕ್ಕೆ ಅಪಾಯ ಅದು. ತಳಕ್ಕೆ ಕೂರುವ ಬೇರಿಯಂ ಸಲ್ಫೇಟ್ ಮಾತ್ರ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಹೊಟ್ಟೆಯ ಎಕ್ಸ್‌ರೇ ತೆಗೆಯುವಾಗ ಆಸ್ಪತ್ರೆಯಲ್ಲಿ ಅದನ್ನೇ ಕುಡಿಸುತ್ತಾರೆ. ಕೂಡಿದ್ದು ಬೇರೆ, ಕರಗಿದ್ದು ಬೇರೆ.

ದ್ರಾವಣಗಳನ್ನು ಹಿಂದಿನ ದಿನವೇ ಮಾಡಿ ಒಂದೇ ಕಪಾಟಿನಲ್ಲಿ ರಾತ್ರಿಯೆಲ್ಲಾ ಇಟ್ಟಿದ್ದರು. ಉಪ್ಪು ಕರಗುವಾಗಲೂ ಶಾಖ ಬರುತ್ತದೆ ಅಥವಾ ಹೋಗುತ್ತದೆ. ಆಗಷ್ಟೇ ಕರಗಿಸಿದ್ದನ್ನು ಸುರಿದರೆ ಅಳೆಯುವುದು ಪ್ರಕ್ಷೇಪದ ಶಾಖವೋ, ಕರಗಿದ ಶಾಖವೋ ಎಂದು ತಿಳಿಯುವುದಿಲ್ಲ. ಎರಡೂ ಬಾಟಲಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು: 27 ಡಿಗ್ರಿ, 27 ಡಿಗ್ರಿ. ಆಮೇಲೆ ಸುರಿದು, ಗಾಜಿನ ಕಡ್ಡಿಯಲ್ಲಿ ತಿರುಗಿಸಿ, ಪಾದರಸ ಎಲ್ಲಿ ನಿಲ್ಲುತ್ತದೆ ಅಂತ ಓದಬೇಕು.

ಶಾಲೆಯಲ್ಲಿದ್ದದ್ದು ಮಾಮೂಲಿ ಥರ್ಮಾಮೀಟರ್, ಒಂದೊಂದು ಡಿಗ್ರಿಗೆ ಒಂದೊಂದು ಗೆರೆ. ಒಂದು ಗುಂಪಿನ ಪಾದರಸ 28ಕ್ಕೆ ನಿಂತಿತು. ಇನ್ನೊಂದು ಗುಂಪಿನದೂ 28. ಮೂರನೆಯದು 28 ಮತ್ತು 29ರ ನಡುವೆ. ಅಲ್ಲಿನ ಹುಡುಗಿ ಕಣ್ಣು ಕಿರಿದು ಮಾಡಿ ನೋಡಿ 28.5 ಅಂತ ಬರೆದಳು. ನಾಲ್ಕನೆಯದು 29.

ಐದನೇ ಗುಂಪಿನ ಪುಸ್ತಕದಲ್ಲಿ 33 ಅಂತ ಇತ್ತು. ಆರನೆಯದರಲ್ಲೂ 33!

ಮೇಡಂ ಕೇಳಿದರು, 'ಆರು ಡಿಗ್ರಿ ಏರ್ತೇನೋ?' ಹುಡುಗ ಮಾತಾಡಲಿಲ್ಲ. ಪಕ್ಕದವನು ಹೇಳಿದ: 'ಮೊಬೈಲಲ್ಲಿ ನೋಡಿದ್ವಿ ಮಿಸ್. ಬಹಿರುಷ್ಣಕ ಕ್ರಿಯೆಗೆ ಆರು ಚಿಲ್ಲರೆ ಅಂತ ಐತೆ.' ಆರನೇ ಗುಂಪು? ಅವರು ಮೊದಲು 28 ಅಂತ ಬರೆದಿದ್ದರು. ಅಳಿಸಿದ ಗುರುತು ಹಾಗೇ ಇತ್ತು. ಐದನೇ ಗುಂಪಿನಲ್ಲಿ ಕ್ಲಾಸಿಗೆ ಫಸ್ಟ್ ಬರುವ ಹುಡುಗ ಇದ್ದ. ಅವನದು 33 ಅಂದ ಮೇಲೆ ತಮ್ಮದೇ ತಪ್ಪಿರಬೇಕು ಅಂದುಕೊಂಡರು.

ಆಮೇಲೆ ಹುಡುಕಿ ನೋಡಿದೆವು. ಆ ಹುಡುಗ ಮೊಬೈಲಿನಲ್ಲಿ ಕಂಡದ್ದು ಆಮ್ಲ ಮತ್ತು ಪ್ರತ್ಯಾಮ್ಲ ಬೆರೆಸುವ ಪ್ರಯೋಗ. ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್. ಒಂದು ಮೋಲ್ ನೀರು ಹುಟ್ಟುವಾಗ 57 ಕಿಲೋಜೂಲ್ ಶಾಖ ಬರುತ್ತದೆ. ಲೀಟರಿಗೆ ಒಂದು ಮೋಲ್ ಅಳತೆಯ ದ್ರಾವಣಗಳನ್ನು ಐವತ್ತೈವತ್ತು ಮಿಲಿಲೀಟರ್ ಸೇರಿಸಿದರೆ 6.8 ಡಿಗ್ರಿ ಏರಬೇಕು. ಪಿಯುಸಿ ಮಟ್ಟದ ಎನ್‌ಸಿಇಆರ್‌ಟಿ ಪ್ರಯೋಗ ಕೈಪಿಡಿಯಲ್ಲಿ ಇರುವುದೂ ಈ ಆಮ್ಲ-ಪ್ರತ್ಯಾಮ್ಲದ ಪ್ರಯೋಗವೇ, ಜೊತೆಗೆ ಮೈಲುತುತ್ತು ಅಥವಾ ಪೊಟ್ಯಾಸಿಯಂ ನೈಟ್ರೇಟ್ ಕರಗಿಸುವುದು. ಹುಡುಗ ಸುಳ್ಳು ಸೃಷ್ಟಿಸಲಿಲ್ಲ. ಬೇರೆ ಪ್ರಯೋಗದ ನಿಜವನ್ನು ತಂದು ತನ್ನ ಪ್ರಯೋಗದ ಮೇಲೆ ಹೊದಿಸಿದ. ತನ್ನ ಕಣ್ಣಿಗಿಂತ ಮೊಬೈಲನ್ನು ಹೆಚ್ಚು ನಂಬಿದ.

ಅವನನ್ನು ಬೈಯಲು ನಮಗೆ ಬಾಯಿಲ್ಲ. ನಾವೂ ಪಿಯುಸಿಯಲ್ಲಿ ಸೈನ್ಸ್ ಓದಿದವರೇ, ಪತ್ರಿಕೋದ್ಯಮದ ಡಿಪ್ಲೊಮಾ ಆಮೇಲಿನದು. ನಮ್ಮ ಕಾಲೇಜಿನಲ್ಲಿ ರೆಕಾರ್ಡ್ ಪುಸ್ತಕವನ್ನು ಹಿಂದಿನ ವರ್ಷದವರ ಪುಸ್ತಕ ನೋಡಿಕೊಂಡು ಒಂದೇ ರಾತ್ರಿ ಬರೆದದ್ದುಂಟು. ಬ್ಯೂರೆಟ್ ರೀಡಿಂಗ್ ಮೂರು ಸಲ ತೆಗೆದೆವು ಅಂತ ಬರೆದು, ಒಂದೇ ಸಲ ತೆಗೆದು, ಉಳಿದ ಎರಡನ್ನು ಒಂದೊಂದು ಬಿಂದು ಆಚೀಚೆ ಮಾಡಿ ತುಂಬಿದ್ದುಂಟು. ಎಷ್ಟು ಬರಬೇಕು ಅನ್ನುವುದು ಪರೀಕ್ಷೆಯ ದಿನ ಮೊದಲ ಬ್ಯಾಚಿನವರು ಹೊರಗೆ ಬಂದ ಕೂಡಲೇ ಮಿಕ್ಕವರಿಗೆಲ್ಲ ಗೊತ್ತಾಗುತ್ತಿತ್ತು. ಅಂಕ ಪೂರ್ತಿ ಬಂದವು.

ಈಗ ಲೆಕ್ಕಕ್ಕೆ ಬರೋಣ. ಬೇರಿಯಂ ಸಲ್ಫೇಟ್ ಕೂರುವಾಗ ನಿಜಕ್ಕೂ ಎಷ್ಟು ಶಾಖ ಬರಬೇಕು? ಇದನ್ನು ಕೋಷ್ಟಕ ನೋಡಿ ಹೇಳಬಹುದು. 1840ರಲ್ಲಿ ಜರ್ಮೇನ್ ಹೆಸ್ ಎಂಬ ರಸಾಯನ ವಿಜ್ಞಾನಿ ಕಂಡುಕೊಂಡ ನಿಯಮ ಅದಕ್ಕೆ ದಾರಿ ಮಾಡಿತು. ಕ್ರಿಯೆ ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖದ ಲೆಕ್ಕ ಒಂದೇ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ನೇರ ಹೋದರೂ, ಬೆಂಗಳೂರು ಸುತ್ತಿ ಹೋದರೂ ಎರಡೂರುಗಳ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲವಲ್ಲ, ಹಾಗೆ. ಆ ಲೆಕ್ಕದಲ್ಲಿ ಬೇರಿಯಂ ಸಲ್ಫೇಟಿಗೆ ಮೋಲಿಗೆ ಸುಮಾರು 26 ಕಿಲೋಜೂಲ್. ಆಮ್ಲ-ಪ್ರತ್ಯಾಮ್ಲಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ.

ಒಂದು ಗುಂಪಿನ ಬೀಕರಿನಲ್ಲಿ ಇದ್ದದ್ದು ಮೋಲಿನ ನಲವತ್ತನೇ ಒಂದು ಭಾಗ, ಅಂದರೆ 0.025. ಅದರಿಂದ ಬರುವ ಶಾಖ 650 ಜೂಲ್. ಬೀಕರಿನಲ್ಲಿ ಹೆಚ್ಚುಕಡಿಮೆ 100 ಗ್ರಾಂ ನೀರಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು, ನೂರು ಗ್ರಾಮಿಗೆ 418. 650ನ್ನು 418ರಿಂದ ಭಾಗಿಸಿ: ಒಂದೂವರೆ ಡಿಗ್ರಿ ಚಿಲ್ಲರೆ.

ಇದರರ್ಥ ಏನೆಂದರೆ, ಕಣ್ಣು ಕಿರಿದು ಮಾಡಿ 28.5 ಅಂತ ಓದಿದ ಆ ಹುಡುಗಿ ಎಲ್ಲರಿಗಿಂತ ಹತ್ತಿರ ಇದ್ದಳು. ಮುಟ್ಟಿ ನೋಡಿ 'ಬಿಸಿಯೇ ಆಗಲಿಲ್ಲ' ಅಂದ ಮೊದಲ ದಿನದ ಹುಡುಗನೂ ತಪ್ಪಲ್ಲ. ಒಂದೂವರೆ ಡಿಗ್ರಿಯನ್ನು ಬೆರಳು ಹೇಗೆ ಹಿಡಿದೀತು?

ಮೇಡಂ ಮಾಡಿದ ಒಂದು ಕೆಲಸ ನಮಗೆ ಬಹಳ ಹಿಡಿಸಿತು. ನಾಲ್ಕು ಗುಂಪಿನ ಏರಿಕೆಯನ್ನು ಬೋರ್ಡಿನ ಮೇಲೆ ಬರೆದರು: 1, 1, 1.5, 2. ಒಂದೊಂದಕ್ಕೂ ಲೆಕ್ಕ ಮಾಡಿಸಿದರು. 1 ಡಿಗ್ರಿ ಅಂದವರಿಗೆ ಮೋಲಿಗೆ ಸುಮಾರು 17 ಕಿಲೋಜೂಲ್ ಬಂತು, 2 ಅಂದವರಿಗೆ 33. ಮಕ್ಕಳು ಗಾಬರಿಯಾದರು. ಒಂದು ಗೆರೆ ಆಚೀಚೆ ಆದರೆ ಉತ್ತರ ಎರಡು ಪಟ್ಟಾಗುತ್ತದಲ್ಲ! 'ಹಾಗಾದರೆ ತಪ್ಪು ನಿಮ್ಮದಾ, ಥರ್ಮಾಮೀಟರಿಂದಾ?' ಎಂದು ಕೇಳಿದರು. ನಾಲ್ಕರ ಸರಾಸರಿ ತೆಗೆದರೆ 23 ಬಂತು. ಕೋಷ್ಟಕದ 26ಕ್ಕಿಂತ ಕಡಿಮೆ. ಕಡಿಮೆ ಬಂದದ್ದಕ್ಕೂ ಒಂದು ಕಾರಣ ಕಣ್ಣೆದುರೇ ಇದೆ. ಗಾಜಿನ ಬೀಕರ್, ತಿರುಗಿಸುವ ಕಡ್ಡಿ, ಥರ್ಮಾಮೀಟರ್ ಎಲ್ಲವೂ ಒಂದೊಂದು ಗುಟುಕು ಶಾಖ ಕುಡಿಯುತ್ತವೆ, ಮೇಲಿನ ಗಾಳಿಯೂ ಕುಡಿಯುತ್ತದೆ. ಇಷ್ಟು ಬಡ ಸಲಕರಣೆಯಲ್ಲಿ ಹಳ್ಳಿಯ ಮಕ್ಕಳು 23ಕ್ಕೆ ಬಂದು ನಿಂತರಲ್ಲ, ನಮ್ಮ ಲೆಕ್ಕದಲ್ಲಿ ಆವತ್ತಿನ ನಿಜವಾದ ಸುದ್ದಿ ಅದು. ನಾವು ಕಳಿಸಿದ ಐದು ಸಾಲಿನಲ್ಲಿ ಅದಿರಲಿಲ್ಲ, ಅತಿಥಿಗಳ ಹೆಸರುಗಳಿದ್ದವು.

ಆರು ಡಿಗ್ರಿ ಅಂದವರ ಲೆಕ್ಕವನ್ನೂ ಮಾಡಿಸಿದರು. ಮೋಲಿಗೆ 100 ಕಿಲೋಜೂಲ್ ಬಂತು. ಹುಡುಗ ತಾನಾಗಿ ಎದ್ದು ನಿಂತು 'ಇನ್ನೊಂದ್ಸಲ ಮಾಡ್ತೀವಿ ಮಿಸ್' ಅಂದ. ದ್ರಾವಣ ಮುಗಿದಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲವೇನೋ. ಮನೆಗೆ ಬಂದು ಬೇರೆ ಪ್ರಕ್ಷೇಪಗಳ ಲೆಕ್ಕವನ್ನೂ ಕೋಷ್ಟಕದಿಂದ ಹಾಕಿ ನೋಡಿದೆವು. ಆಗ ನಮ್ಮದೇ ಒಂದು ನಂಬಿಕೆ ಬಿದ್ದುಹೋಯಿತು. ಪ್ರಕ್ಷೇಪ ಆಯಿತೆಂದರೆ ಶಾಖ ಬರಲೇಬೇಕು ಎಂದುಕೊಂಡಿದ್ದೆವು. ಹಾಗೇನಿಲ್ಲ.

ಬೆಳ್ಳಿಯ ನೈಟ್ರೇಟಿಗೆ ಅಡುಗೆ ಉಪ್ಪಿನ ನೀರು ಹಾಕಿದರೆ ಬಿಳಿ ಸಿಲ್ವರ್ ಕ್ಲೋರೈಡ್ ಕೂರುತ್ತದೆ. ಅದು ಮೋಲಿಗೆ 65 ಕಿಲೋಜೂಲ್ ಬಿಡುತ್ತದೆ, ಆಮ್ಲ-ಪ್ರತ್ಯಾಮ್ಲಕ್ಕಿಂತಲೂ ಹೆಚ್ಚು. ಆದರೆ ಬೆಳ್ಳಿಯ ರೇಟಿನಲ್ಲಿ ಯಾವ ಸರ್ಕಾರಿ ಶಾಲೆ ಅದನ್ನು ಐವತ್ತು ಮಿಲಿಲೀಟರ್ ಲೆಕ್ಕದಲ್ಲಿ ಸುರಿದೀತು? ಲೀಟರಿಗೆ ಮೋಲಿನ ಹತ್ತನೇ ಒಂದು ಭಾಗದ ತೆಳು ದ್ರಾವಣ ಮಾಡಿದರೆ ಏರುವುದು ಮುಕ್ಕಾಲು ಡಿಗ್ರಿ ಚಿಲ್ಲರೆ ಅಷ್ಟೆ. ಪಠ್ಯದಲ್ಲಿರುವ ಹಳದಿ ಬಣ್ಣದ ಲೆಡ್ ಅಯೋಡೈಡೂ ಮೋಲಿಗೆ 63ರಷ್ಟು ಬಿಡುತ್ತದೆ. ಅದು ಸೀಸ, ಚರಂಡಿಗೆ ಚೆಲ್ಲುವ ಹಾಗಿಲ್ಲ.

ಸುಣ್ಣದ ಕಲ್ಲಿನ ಸಂಗತಿ ತಿರುವುಮುರುವು. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ವಾಷಿಂಗ್ ಸೋಡಾ ದ್ರಾವಣ ಸೇರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತದೆ. ಅದು ಶಾಖ ಬಿಡುವುದಿಲ್ಲ, ಮೋಲಿಗೆ 13 ಕಿಲೋಜೂಲಿನಷ್ಟು ಹೀರಿಕೊಳ್ಳುತ್ತದೆ. ನೀರು ತಣ್ಣಗಾಗುತ್ತದೆ! ನಮ್ಮ ಮನೆಗಳಲ್ಲಿ ಇದರ ಅಣ್ಣತಮ್ಮನನ್ನು ದಿನಾ ನೋಡುತ್ತೇವೆ. ಆಳದ ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ, ಸೋಲಾರ್ ಪೈಪಿನಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಬಹುಪಾಲು ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಹುಟ್ಟಲು ಶಾಖ ಬೇಕು, ಆದ್ದರಿಂದ ತಣ್ಣೀರಿನ ಕೊಡದಲ್ಲಿ ಕಟ್ಟುವುದಕ್ಕಿಂತ ಬಿಸಿ ಹಂಡೆಯಲ್ಲಿ ಬೇಗ ಕಟ್ಟುತ್ತದೆ. ಹಂಡೆ ಉಜ್ಜಿ ಉಜ್ಜಿ ಕೈ ಸೋತ ನಮ್ಮ ಅಮ್ಮಂದಿರಿಗೆ ಯಾರೂ ಈ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಉಜ್ಜುವುದೇನೂ ತಪ್ಪುತ್ತಿರಲಿಲ್ಲ ಬಿಡಿ.

ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟದವರಿಗೆ, ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರಿಗೆ ಇನ್ನೊಂದು ಪ್ರಕ್ಷೇಪ ಗೊತ್ತು. ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರವನ್ನೂ ಮೆಗ್ನೀಷಿಯಂ ಸಲ್ಫೇಟನ್ನೂ ಒಂದೇ ಡ್ರಮ್ಮಿನಲ್ಲಿ ಗಟ್ಟಿಯಾಗಿ ಕಲಸಿದರೆ ತಳದಲ್ಲಿ ಬಿಳಿ ಜಿಪ್ಸಂ ಕೂತು ಡ್ರಿಪ್ ಪೈಪಿನ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೇ ಎರಡು ಟ್ಯಾಂಕ್ ಇಡುವುದು. ಈ ಜಿಪ್ಸಂ ಕೂರುವಾಗ ಶಾಖದ ಲೆಕ್ಕ ಹೆಚ್ಚುಕಡಿಮೆ ಸೊನ್ನೆ, ಮೋಲಿಗೆ ಒಂದು ಕಿಲೋಜೂಲಿನ ಸುತ್ತಮುತ್ತ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ.

ಹಾಗಾದರೆ ಕಾರಣವೇನು? ಎರಡು ಕೆಲಸ ಎದುರುಬದುರು ನಡೆಯುತ್ತವೆ. ನೀರಿನಲ್ಲಿರುವ ಪ್ರತಿಯೊಂದು ಅಯಾನಿಗೂ ಸುತ್ತ ನೀರಿನ ಕಣಗಳು ಅಂಟಿಕೊಂಡಿರುತ್ತವೆ. ಅವನ್ನು ಕಿತ್ತು ಬಿಡಿಸಲು ಶಾಖ ಖರ್ಚಾಗುತ್ತದೆ. ಬಿಡಿಸಿಕೊಂಡ ಅಯಾನುಗಳು ಒಂದಕ್ಕೊಂದು ಸೇರಿ ಗಟ್ಟಿಯಾಗುವಾಗ ಶಾಖ ಬರುತ್ತದೆ. ಬರುವುದು ಜಾಸ್ತಿಯಾದರೆ ಬೀಕರ್ ಬಿಸಿ, ಖರ್ಚು ಜಾಸ್ತಿಯಾದರೆ ಬೀಕರ್ ತಣ್ಣಗೆ. ಸಂತೆಯ ಲಾಭ ನಷ್ಟದ ಹಾಗೆ, ಉಳಿದದ್ದು ಮಾತ್ರ ಕೈಗೆ ಸಿಗುತ್ತದೆ.

ಇನ್ನೊಂದು ಶಾಲೆಯಲ್ಲಿ ವಾಷಿಂಗ್ ಸೋಡಾ ಪ್ರಯೋಗ ಮಾಡಿದರು ಅಂದುಕೊಳ್ಳಿ. ಥರ್ಮಾಮೀಟರ್ ಅರ್ಧ, ಮುಕ್ಕಾಲು ಡಿಗ್ರಿ ಕೆಳಗೆ ಇಳಿಯುತ್ತದೆ. ಗೈಡ್ ನೋಡಿ ಬರೆಯುವ ಮಗು ಏನು ಮಾಡುತ್ತದೆ? 'ಉಷ್ಣತೆ ಏರಿತು' ಅಂತಲೇ ಬರೆಯುತ್ತದೆ. ಕಣ್ಣೆದುರು ಇಳಿದದ್ದನ್ನು ಏರಿತು ಅಂತ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತದೆ. ನಮಗೆ ಸಂಕಟ ಇರುವುದು ಇಲ್ಲಿ.

ಯಾಕೆಂದರೆ ನಮ್ಮ ಹಳ್ಳಿಯ ಬದುಕು ಯಾರೋ ಓದಿ ಬರೆಯುವ ಅಂಕಿಗಳ ಮೇಲೆ ನಿಂತಿದೆ. ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ಬರೆಯುತ್ತಾರೆ, ಅದರ ಮೇಲೆ ದುಡ್ಡು. ಲ್ಯಾಕ್ಟೋಮೀಟರ್ ಓದುವಾಗ ಹಾಲಿನ ಬಿಸಿ ಎಷ್ಟಿದೆ ನೋಡಿ ತಿದ್ದಿಕೊಳ್ಳಬೇಕು. ಎಷ್ಟು ಜನ ತಿದ್ದುತ್ತಾರೆ? ಮಳೆ ಮಾಪಕದಲ್ಲಿ ಎಷ್ಟು ಮಿಲಿಮೀಟರ್ ಅನ್ನುವುದರ ಮೇಲೆ ಬರ, ಬೆಳೆ ವಿಮೆ ತೀರ್ಮಾನವಾಗುತ್ತದೆ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ಕುಡಿಯುವ ನೀರು ಪರೀಕ್ಷೆ ಮಾಡುವುದನ್ನು ಕಲಿಸುವ ಏರ್ಪಾಡಿದೆ. ಹನಿ ಎಣಿಸಿ ಗಡಸುತನ ಹೇಳಬೇಕು, ಬಣ್ಣ ಹೋಲಿಸಿ ಫ್ಲೋರೈಡ್ ಹೇಳಬೇಕು. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಫ್ಲೋರೈಡ್ 1, ತೀರಾ ಬೇರೆ ದಾರಿ ಇಲ್ಲದಿದ್ದರೆ 1.5. ಈ ಒಂದಕ್ಕೂ ಒಂದೂವರೆಗೂ ನಡುವಿನ ಅರ್ಧದಲ್ಲಿ ನಮ್ಮ ಮಕ್ಕಳ ಹಲ್ಲು, ನಮ್ಮ ಮೊಣಕಾಲು ಇವೆ. ಅಲ್ಲಿ 'ಎಷ್ಟು ಬರಬೇಕಿತ್ತೋ ಅಷ್ಟು' ಎಂದು ಬರೆಯುವ ಕೈ ಹದಿನೈದನೇ ವಯಸ್ಸಿನಲ್ಲಿ ಶಾಲೆಯ ಲ್ಯಾಬಿನಲ್ಲೇ ತಯಾರಾಗುತ್ತದೆ.

ದೊಡ್ಡಬಳ್ಳಾಪುರ ದಾಟಿದರೆ ಗೌರಿಬಿದನೂರು. ಅದರ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿ ಗದ್ದಲ ಎಬ್ಬಿಸಿದವರು. ಅವರ ಹೆಸರನ್ನು ನಮ್ಮ ಕಡೆ ವಿಜ್ಞಾನ ದಿನದ ಭಾಷಣದಲ್ಲಿ ತಪ್ಪದೆ ಹೇಳುತ್ತಾರೆ. ಬಾಬಾಗಳ ಬೂದಿಯನ್ನು ಪ್ರಶ್ನಿಸಿ ಎಂದು ಮಕ್ಕಳಿಗೆ ಹೇಳುವುದು ಸುಲಭ. ಗೈಡಿನ 33ನ್ನು ಪ್ರಶ್ನಿಸಿದ ಮಗುವಿಗೆ ಅಂಕ ಕೊಡುವುದು ಕಷ್ಟವಾಗಿದೆ.

ಅಂಕದ ಮಾತು ಬಂತು. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪಿಯುಸಿ ರಸಾಯನಶಾಸ್ತ್ರದಲ್ಲಿ 70 ಬರವಣಿಗೆ, 30 ಪ್ರಾಯೋಗಿಕ. ಈ 20 ಮತ್ತು 30ರಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಉತ್ತರ ಕೋಷ್ಟಕಕ್ಕೆ ಎಷ್ಟು ಹತ್ತಿರ ಇದೆ ಎನ್ನುವುದಕ್ಕೆ ಅಂಕ ಕಡಿಮೆ ಮಾಡಿ. ಓದಿದ ರೀಡಿಂಗ್ ಅಲ್ಲೇ ಮೇಷ್ಟ್ರ ಮುಂದೆ ಪೆನ್ನಿನಲ್ಲಿ ಬರೆದಿದ್ದಾರಾ, ತಪ್ಪಾದದ್ದನ್ನು ಅಳಿಸದೆ ಗೆರೆ ಎಳೆದಿದ್ದಾರಾ, ಯಾಕೆ ಹೆಚ್ಚುಕಡಿಮೆ ಬಂತು ಅಂತ ಎರಡು ಸಾಲು ಬರೆದಿದ್ದಾರಾ ಎನ್ನುವುದಕ್ಕೆ ಕೊಡಿ. 23 ಬರೆದು 'ಗಾಜು ಶಾಖ ಹೀರಿತು' ಅಂದವಳಿಗೆ, 26 ಬರೆದು ಏನೂ ಹೇಳದವನಿಗಿಂತ ಒಂದು ಅಂಕ ಹೆಚ್ಚು ಬರಲಿ.

ಇದಕ್ಕೆ ಮೇಷ್ಟ್ರುಗಳ ಕಡೆಯಿಂದ ಒಂದು ನ್ಯಾಯವಾದ ಆಕ್ಷೇಪ ಇದೆ. ಹೊಸಕೋಟೆ ಕಡೆಯ ಉಪನ್ಯಾಸಕರೊಬ್ಬರು ನಮಗೆ ಹೇಳಿದರು: 'ಎಂಬತ್ತು ಮಕ್ಕಳಿಗೆ ಒಂದು ದಿನದಲ್ಲಿ ಪ್ರಾಕ್ಟಿಕಲ್ ಮುಗಿಸಬೇಕು. ಒಬ್ಬೊಬ್ಬರ ಪಕ್ಕ ನಿಂತು ಪಾದರಸ ನೋಡೋಕೆ ಆಗುತ್ತಾ? ಉತ್ತರ ನೋಡಿ ಅಂಕ ಹಾಕೋದೇ ದಾರಿ.' ನಿಜ. ಹುದ್ದೆ ಖಾಲಿ ಬಿಟ್ಟು, ಒಬ್ಬರ ಮೇಲೆ ಇಬ್ಬರ ಕೆಲಸ ಹೊರಿಸಿ, ಆಮೇಲೆ ಪ್ರಾಮಾಣಿಕತೆ ಕಲಿಸಿ ಎಂದರೆ ಅವರೇನು ಮಾಡಬೇಕು? ಆದ್ದರಿಂದ ನಾವು ಮೇಷ್ಟ್ರನ್ನು ಮಾತ್ರ ಕೇಳುತ್ತಿಲ್ಲ. ಎಸ್‌ಡಿಎಂಸಿಯಲ್ಲಿ, ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಕೂತಿರುವ ನಮ್ಮ ಊರಿನವರನ್ನೂ ಕೇಳುತ್ತಿದ್ದೇವೆ. ಕಾಂಪೌಂಡ್ ಗೋಡೆ, ಗೇಟು, ವೇದಿಕೆ ಎಂದು ಓಡಾಡುವ ನೀವು ವರ್ಷಕ್ಕೆ ಒಂದು ಸಲ ಲ್ಯಾಬಿನ ಬೀಗ ತೆಗೆಸಿ ನೋಡಿ. ಬೀಗ ಎಲ್ಲಿದೆ ಅಂತ ಹುಡುಕಬೇಕಾಗಿ ಬಂದರೆ ಉತ್ತರ ಅಲ್ಲೇ ಸಿಕ್ಕಿತು.

ಖರ್ಚಿನ ನೆಪ ಇಲ್ಲಿ ನಡೆಯುವುದಿಲ್ಲ. ಶಾಖ ಹಿಡಿದಿಡುವ ಪಾತ್ರೆಗೆ ಪುಸ್ತಕಗಳು ಥರ್ಮಾಕೋಲ್ ಲೋಟ ಹೇಳುತ್ತವೆ. ಅದು ಈಗ ನಿಷೇಧ, ಬೇಡ. ಟೀ ಅಂಗಡಿಯ ಕಾಗದದ ದೊಡ್ಡ ಲೋಟ ಎರಡು, ಒಂದರೊಳಗೊಂದು ಇಟ್ಟು, ಮೇಲೆ ರಟ್ಟಿನ ಮುಚ್ಚಳ ಹಾಕಿ ತೂತು ಮಾಡಿದರೆ ಗಾಜಿನ ಬೀಕರಿಗಿಂತ ವಾಸಿ. ಬೇಕಿರುವುದು ಡಿಗ್ರಿಯ ಹತ್ತನೇ ಒಂದು ಭಾಗ ತೋರಿಸುವ ಥರ್ಮಾಮೀಟರ್. ಒಬ್ಬ ಹುಡುಗ ಮನೆಯಿಂದ ಜ್ವರ ನೋಡುವ ಡಿಜಿಟಲ್ ತಂದಿದ್ದನಂತೆ. ಅದು 27 ಡಿಗ್ರಿಯಲ್ಲಿ ಕೆಲಸ ಮಾಡದು, 32ಕ್ಕಿಂತ ಕೆಳಗೆ 'ಲೋ' ಎಂದು ತೋರಿಸಿ ಸುಮ್ಮನಾಗುತ್ತದೆ. ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೋಳಿ ಫಾರಂನಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇಟ್ಟಿರುತ್ತಾರೆ. ರೇಷ್ಮೆ ಸಾಕುವವರಿಗೆ ಒಂದೂವರೆ ಡಿಗ್ರಿ ಅಂದರೇನು ಅಂತ ವಿವರಿಸುವ ಅಗತ್ಯವೂ ಇಲ್ಲ.

ಒಂದು ಎಚ್ಚರ ಮಾತ್ರ ಬೇಕು. ನಮ್ಮ ಲೇಖನ ಓದಿ ಯಾರೂ ಬೇರಿಯಂ ಕ್ಲೋರೈಡ್ ತಂದು ಮನೆಯಲ್ಲಿ ಕಲಸಬೇಡಿ. ಶಾಲೆಯಲ್ಲೂ ಅದನ್ನು ಮೇಷ್ಟ್ರೇ ಸುರಿಯಲಿ. ಕೊನೆಗೆ ಸೋಡಿಯಂ ಸಲ್ಫೇಟ್ ಸ್ವಲ್ಪ ಜಾಸ್ತಿ ಹಾಕಿ, ನೀರಿನಲ್ಲಿ ಬೇರಿಯಂ ಉಳಿಯದ ಹಾಗೆ ಎಲ್ಲವನ್ನೂ ತಳಕ್ಕೆ ಕೂರಿಸಿ, ಸೋಸಿ ಪುಡಿಯನ್ನು ಬೇರೆ ಇಡಲಿ. ಮೇಡಂ ಹಾಗೇ ಮಾಡಿದರು. ಲ್ಯಾಬಿನ ಮೂಲೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಬಿಳಿ ಪುಡಿ ಈಗಲೂ ಇದೆ, ಮೇಲೆ ಚೀಟಿ ಅಂಟಿಸಿದ್ದಾರೆ. ಹೊಸ ಶಾಲೆಗಳಿಗೆ ವಾಷಿಂಗ್ ಸೋಡಾ ಪ್ರಯೋಗವೇ ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ವಿಷವಿಲ್ಲ, ಅಗ್ಗ, ಮೇಲಾಗಿ ಉತ್ತರ ಗೈಡಿನಲ್ಲಿ ಸಿಗುವುದಿಲ್ಲ.

ಕಳೆದ ವಾರ ಮೇಡಂ ಫೋನ್ ಮಾಡಿದ್ದರು. ತಮ್ಮ ದುಡ್ಡಿನಲ್ಲೇ ಎರಡು ತಂತಿ ಥರ್ಮಾಮೀಟರ್ ತರಿಸಿದ್ದಾರಂತೆ. ಹೊಸ ಹತ್ತನೇ ತರಗತಿಯವರಿಗೆ ಈ ಸಲ ಎರಡೂ ಪ್ರಯೋಗ ಮಾಡಿಸುತ್ತಾರಂತೆ, ಬಿಸಿಯಾಗುವುದು ಯಾವುದು, ತಣ್ಣಗಾಗುವುದು ಯಾವುದು ಅಂತ ಮೊದಲೇ ಹೇಳದೆ. 33 ಬರೆದಿದ್ದ ಹುಡುಗ ಈಗ ಪಿಯುಸಿಗೆ ಸೇರಿದ್ದಾನೆ. ದ್ರಾವಣ ಇದ್ದರೆ ಶನಿವಾರ ಬಂದು ಇನ್ನೊಂದು ಸಲ ಮಾಡುತ್ತೇನೆ ಎಂದು ಕೇಳಿದ್ದಾನಂತೆ. ನಾವೂ ಬರುತ್ತೇವೆ ಅಂದಿದ್ದೇವೆ.